ಫಿಟ್ಸ್, ಖಿನ್ನತೆ, ಮರೆವು, ಸಂಶಯ: ಮನೆಯವರು ಏನು ನೋಡಬೇಕು, ಡಾಕ್ಟರಿಗೆ ಏನು ಹೇಳಬೇಕು

ಜ್ವರಕ್ಕೆ ಥರ್ಮಾಮೀಟರ್ ಇದೆ. ಸಕ್ಕರೆ ಕಾಯಿಲೆಗೆ ರಕ್ತಪರೀಕ್ಷೆ ಇದೆ. ಖಿನ್ನತೆಗೆ ಅಂಥದ್ದೇನೂ ಇಲ್ಲ. ಫಿಟ್ಸ್ ಬರುವವರ ತಲೆಯ ಸ್ಕ್ಯಾನ್ ಎಷ್ಟೋ ಸಲ ನಾರ್ಮಲ್ ಅಂತಲೇ ಬರುತ್ತದೆ. ಹಾಗಾದರೆ ಯಾವ ಕಾಯಿಲೆ ಅಂತ ಡಾಕ್ಟರ್ ಹೇಗೆ ತೀರ್ಮಾನ ಮಾಡುತ್ತಾರೆ? ಹೆಚ್ಚಾಗಿ ರೋಗಿ ಮತ್ತು ಮನೆಯವರು ಹೇಳುವುದನ್ನು ಕೇಳಿ. ಏನಾಯಿತು, ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು, ಆಮೇಲೆ ಹೇಗಿದ್ದರು. ಇಷ್ಟು ಸರಿಯಾಗಿ ಸಿಕ್ಕರೆ ಅವರಿಗೆ ಅರ್ಧ ದಾರಿ ಸಿಕ್ಕ ಹಾಗೆ.

ನಾನು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಆಶಾ ಕಾರ್ಯಕರ್ತೆ. ಬಾಣಂತಿ, ಮಗು, ಚುಚ್ಚುಮದ್ದು, ಇವೇ ನನ್ನ ದಿನದ ಕೆಲಸ. ಆದರೆ ಕಾಫಿ ತೋಟದ ಕೆಲಸಗಾರರು ಇರುವ ಲೈನ್ ಮನೆಗಳಿಗೆ ಹೋಗಿ ಬರುವಾಗ ಜನ ಗೇಟಿನವರೆಗೆ ಜೊತೆಗೆ ಬಂದು ಮೆಲ್ಲಗೆ ಕೇಳುವುದು ಬೇರೆಯದೇ. "ಅಕ್ಕ, ನಮ್ಮನೆಯವ್ರು ರಾತ್ರಿಯೆಲ್ಲ ಒಬ್ಬರೇ ಮಾತಾಡ್ಕೊಳ್ತಾರೆ, ಎಂತ ಮಾಡದು?" "ಮಗಳಿಗೆ ಗಾಳಿ ಸೋಕಿದೆ ಅಂತಾರೆ, ಹೌದಾ ಅಕ್ಕ?" ಕಾಯಿಲೆಗೆ ಹೆಸರು ಇಡುವುದು ಡಾಕ್ಟರ ಕೆಲಸ. ನೋಡುವುದು, ಬರೆದಿಡುವುದು, ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಗುವುದು ನಮ್ಮ ಕೆಲಸ. ಅದನ್ನು ಹೇಗೆ ಮಾಡುವುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಕ್ಕಳ ಹಳೆ ಪುಸ್ತಕದಲ್ಲಿ ಉಳಿದ ಹಾಳೆ ಸಾಕು. ತಾರೀಖು, ಹೊತ್ತು, ಕಣ್ಣಿಗೆ ಕಂಡದ್ದು, ಇಷ್ಟೇ ಬರೆಯಿರಿ. "ಹುಚ್ಚುಹುಚ್ಚಾಗಿ ಆಡಿದ" ಅಂತ ಹೇಳಿದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. "ಮೂರು ರಾತ್ರಿ ನಿದ್ದೆ ಮಾಡಿಲ್ಲ. ಪಕ್ಕದ ಮನೆಯವರು ವಿಷ ಹಾಕಿದ್ದಾರೆ ಅಂತ ಅನ್ನ ಮುಟ್ಟುತ್ತಿಲ್ಲ" ಅಂದರೆ ಬಹಳ ತಿಳಿಯುತ್ತದೆ. ಹಿಂದೆ ತಲೆಗೆ ಪೆಟ್ಟು ಬಿದ್ದಿತ್ತಾ, ಕುಡಿತ ಎಷ್ಟು, ಹತ್ತಿರದ ಸಂಬಂಧಿಕರಲ್ಲಿ ಯಾರಿಗಾದರೂ ಹೀಗೇ ಆಗಿತ್ತಾ, ಈಗ ಯಾವ ಮಾತ್ರೆ ನಡೆಯುತ್ತಿದೆ, ಇದನ್ನೂ ಸೇರಿಸಿ. ಮಾತ್ರೆಯ ಹೆಸರು ಬರೆಯಲು ಬರದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಹಾಳೆಗಳ ಮಧ್ಯೆ ಇಡಿ.

ಫಿಟ್ಸ್

ನಮ್ಮ ಕಡೆ ಯಾರಿಗಾದರೂ ಫಿಟ್ಸ್ ಬಂದರೆ ಒಬ್ಬರು ಬೀಗದ ಕೈ ಹುಡುಕಲು ಓಡುತ್ತಾರೆ. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಅಂತ ನಂಬಿಕೆ. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಮತ್ತೊಬ್ಬರು ಹಲ್ಲಿನ ಮಧ್ಯೆ ಚಮಚ ತುರುಕುತ್ತಾರೆ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ. ಅದಕ್ಕೇ ಬೀಗದ ಕೈಯಿಂದ ನಿಂತಂತೆ ಕಾಣುವುದು. ಚಮಚದಿಂದ ಮಾತ್ರ ಹಾನಿ ಖಂಡಿತ. ಹಲ್ಲು ಮುರಿದು ಉಸಿರಿನ ದಾರಿಗೆ ಹೋಗಬಹುದು. ನಾಲಿಗೆ ನುಂಗಿಕೊಳ್ಳುತ್ತಾರೆ ಅನ್ನುವ ಭಯ ಬೇಡ, ಹಾಗೆ ಆಗುವುದಿಲ್ಲ.

ಮಾಡಬೇಕಾದ್ದು ಇದು. ಹತ್ತಿರ ಒಲೆ, ನೀರು, ಕತ್ತಿ ಇದ್ದರೆ ದೂರ ಸರಿಸಿ. ತಲೆ ಕೆಳಗೆ ಮಡಚಿದ ಟವೆಲ್ ಇಡಿ. ಕುತ್ತಿಗೆ ಹತ್ತಿರದ ಗುಂಡಿ ಬಿಚ್ಚಿ. ಸಾಧ್ಯವಾದ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಏನನ್ನೂ ಹಾಕಬೇಡಿ. ಫೋನಿನಲ್ಲಿ ಟೈಮ್ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಎಚ್ಚರ ಬರುವ ಮೊದಲೇ ಇನ್ನೊಂದು ಸಲ ಬಂದರೆ, ಜೀವನದಲ್ಲಿ ಮೊದಲ ಸಲ ಬಂದಿದ್ದರೆ, ಬಸುರಿಗೆ ಬಂದರೆ, ಪೆಟ್ಟಾಗಿದ್ದರೆ, ನೀರಿನಲ್ಲಿದ್ದಾಗ ಬಂದರೆ ಐದು ನಿಮಿಷ ಕಾಯುವುದೇ ಬೇಡ. ಫಿಟ್ಸ್ ನಿಂತ ಮೇಲೆ ಸ್ವಲ್ಪ ಹೊತ್ತು ಮಂಪರು ಇರುತ್ತದೆ, ಯಾರು ಏನು ಗೊತ್ತಾಗುವುದಿಲ್ಲ. ಪೂರ್ತಿ ಎಚ್ಚರ ಆಗುವವರೆಗೆ ನೀರು, ಕಾಫಿ ಕೊಡಬೇಡಿ.

ಆ ಗಾಬರಿಯಲ್ಲೂ ಒಬ್ಬರು ಬರೀ ನೋಡುವ ಕೆಲಸ ಮಾಡಲಿ. ಮೊದಲು ಯಾವ ಕೈ ಅದುರಿತು? ಕತ್ತು, ಕಣ್ಣು ಯಾವ ಕಡೆ ತಿರುಗಿತು? ಮೂತ್ರ ಹೋಯಿತಾ? ನಾಲಿಗೆ ಕಚ್ಚಿಕೊಂಡರಾ? ಎಚ್ಚರ ಆಗಲು ಎಷ್ಟು ಹೊತ್ತು ಬೇಕಾಯಿತು? ರೋಗಿ ಸುರಕ್ಷಿತವಾಗಿದ್ದರೆ ಫೋನಿನಲ್ಲಿ ವಿಡಿಯೋ ತೆಗೆಯಿರಿ. ಡಾಕ್ಟರಿಗೆ ಅದು ಬಹಳ ಉಪಯೋಗ. ಅವರಿಗೆ ತೋರಿಸಲಿಕ್ಕೆ ಮಾತ್ರ ಇರಲಿ, ಯಾವ ವಾಟ್ಸಾಪ್ ಗ್ರೂಪಿಗೂ ಹೋಗಬಾರದು.

ಎಲ್ಲ ಫಿಟ್ಸೂ ಬಿದ್ದು ಒದ್ದಾಡುವಂಥದ್ದಲ್ಲ. ಕೆಲವು ಮಕ್ಕಳು ಕ್ಲಾಸಿನಲ್ಲಿ ಕೆಲವು ಸೆಕೆಂಡು ಸುಮ್ನೆ ಒಂದೇ ಕಡೆ ನೋಡುತ್ತಾ ನಿಂತುಬಿಡುತ್ತಾರೆ. ಕರೆದರೂ ಕೇಳಿಸುವುದಿಲ್ಲ. ಮತ್ತೆ ಬಿಟ್ಟಲ್ಲಿಂದಲೇ ಬರೆಯಲು ಶುರು ಮಾಡುತ್ತಾರೆ. ದಿನಕ್ಕೆ ಹಲವು ಸಲ ಹೀಗಾದರೆ ಪಾಠ ತಪ್ಪುತ್ತದೆ, ದಡ್ಡ ಅಂತ ಬೈಸಿಕೊಳ್ಳುತ್ತಾರೆ. ಟೀಚರ್ ಇಂಥದ್ದು ಹೇಳಿ ಕಳಿಸಿದರೆ ದಯವಿಟ್ಟು ಕೇಳಿ.

ನಮ್ಮ ಭಾಗದವರು ಗೊತ್ತಿಟ್ಟುಕೊಳ್ಳಲೇಬೇಕಾದ ಇನ್ನೊಂದು ಇದೆ, ಬಿಸಿನೀರಿನ ಫಿಟ್ಸ್. ಹಂಡೆಯ ಬಿಸಿನೀರನ್ನು ಚೊಂಬಿನಲ್ಲಿ ತಲೆಗೆ ಒಂದೇ ಸಮ ಹೊಯ್ದುಕೊಳ್ಳುವಾಗ ಬರುವಂಥದ್ದು. ಬೇರೆ ಕಡೆ ಇದು ಅಪರೂಪ. ದಕ್ಷಿಣ ಕರ್ನಾಟಕದಲ್ಲಿ, ಅದರಲ್ಲೂ ಮೈಸೂರು, ಮಂಡ್ಯ ಕಡೆ ಜಾಸ್ತಿ ಕಂಡಿದೆ. ಮೆದುಳು, ಮನಸ್ಸಿನ ಕಾಯಿಲೆ ನೋಡುವ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ವೈದ್ಯರು ಇದರ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಸ್ನಾನ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಶೂನ್ಯ ನೋಡುತ್ತಾರೆ, ಏನೇನೋ ಗೊಣಗುತ್ತಾರೆ, ಕೆಲವರು ನಿಲ್ಲಿಸದೆ ಇನ್ನೂ ನೀರು ಹೊಯ್ದುಕೊಳ್ಳುತ್ತಾರೆ, ಕೆಲವರು ಬೀಳುತ್ತಾರೆ. ಬಚ್ಚಲಲ್ಲಿ ದೆವ್ವ ಇದೆ ಅಂತ ಬಚ್ಚಲನ್ನೇ ಕೆಡವಿಸಿದ ಮನೆಯೊಂದನ್ನು ನಾನು ನೋಡಿದ್ದೇನೆ. ಆ ಹುಡುಗನಿಗೆ ಎಣ್ಣೆ ಸ್ನಾನದ ದಿನ ಮಾತ್ರ ಹೀಗಾಗುತ್ತಿತ್ತು. ಅವನ ಅಜ್ಜಿ ಹೇಳಿದ ಆ ಒಂದು ಮಾತಿನಿಂದಲೇ ಡಾಕ್ಟರಿಗೆ ಸುಳಿವು ಸಿಕ್ಕಿತು. ಇಂಥವರು ನೀರು ಉಗುರುಬೆಚ್ಚಗೆ ಇಟ್ಟುಕೊಳ್ಳಬೇಕು. ಮೊದಲು ಮೈಗೆ ಹೊಯ್ದುಕೊಂಡು, ತಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಬೇಕು. ಬಚ್ಚಲ ಚಿಲಕ ಹಾಕಬಾರದು. ಕೆಲವರಿಗೆ ಸ್ನಾನಕ್ಕೆ ಮುಂಚೆ ತೆಗೆದುಕೊಳ್ಳುವ ಮಾತ್ರೆ ಬರೆಯುತ್ತಾರೆ, ಕೆಲವರಿಗೆ ದಿನಾ ಬೇಕಾಗುತ್ತದೆ.

ಸರಿಯಾಗಿ ಮಾತ್ರೆ ತೆಗೆದುಕೊಂಡರೆ ಹತ್ತರಲ್ಲಿ ಏಳು ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಆರು ತಿಂಗಳು ಬರಲಿಲ್ಲ ಅಂತ ನಾವೇ ನಿಲ್ಲಿಸುವ ಹಾಗಿಲ್ಲ. ಸಾಮಾನ್ಯವಾಗಿ ಎರಡು ವರ್ಷ ಒಂದೂ ಬರದಿದ್ದರೆ ಮಾತ್ರ ಡಾಕ್ಟರ್ ನಿಧಾನಕ್ಕೆ ಕಡಿಮೆ ಮಾಡುವ ಯೋಚನೆ ಮಾಡುತ್ತಾರೆ. ಒಂದೇ ಸಲ ಬಿಟ್ಟರೆ ಮೊದಲಿಗಿಂತ ಜೋರಾಗಿ ಬರಬಹುದು. ಮರಗಸಿ (ನೆರಳಿನ ಮರ ಹತ್ತಿ ಕೊಂಬೆ ಕಡಿಯುವುದು), ಏಣಿ ಹತ್ತಿ ಮೆಣಸು ಕೊಯ್ಯುವುದು, ಕೆರೆಗೆ ಇಳಿಯುವುದು, ಬೈಕ್ ಓಡಿಸುವುದು, ಇವು ಡಾಕ್ಟರ್ ಆಗಬಹುದು ಅನ್ನುವವರೆಗೆ ಬೇಡ. ತೋಟದಲ್ಲಿ ಕೆಲಸ ಹಂಚುವ ರೈಟರಿಗೆ ವಿಷಯ ಹೇಳಿದರೆ ನೆಲದ ಮೇಲಿನ ಕೆಲಸ ಕೊಡುತ್ತಾರೆ.

ಹೆಣ್ಣುಮಕ್ಕಳ ವಿಷಯ ನನಗೆ ಬಹಳ ನೋವು ಕೊಡುವಂಥದ್ದು. ಮದುವೆ ಹೊತ್ತಿಗೆ ಕಾಯಿಲೆ ಮುಚ್ಚಿಡುತ್ತಾರೆ. ಗಂಡನ ಮನೆಯಲ್ಲಿ ಮಾತ್ರೆ ಕಂಡರೆ ಏನನ್ನುತ್ತಾರೋ ಅಂತ ಹುಡುಗಿ ಮಾತ್ರೆ ಬಿಡುತ್ತಾಳೆ. ಹೊಸ ಮನೆ, ನಿದ್ದೆ ಕಡಿಮೆ, ಮಾತ್ರೆ ಇಲ್ಲ. ಫಿಟ್ಸ್ ಬಂದೇ ಬರುತ್ತದೆ. ಮೊದಲು ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆ ರೋಗ ಮದುವೆಗೆ ಅಡ್ಡಿ ಅಂತಿತ್ತು. 1999ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಫಿಟ್ಸ್ ಮುಟ್ಟಿದರೆ ಅಂಟುವುದಿಲ್ಲ. ಇಂಥ ಹೆಣ್ಣುಮಕ್ಕಳಿಗೂ ಆರೋಗ್ಯವಾದ ಮಕ್ಕಳಾಗುತ್ತವೆ. ಆದರೆ ವಾಲ್ಪ್ರೊಯೇಟ್ ಅನ್ನುವ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಹಾಗಾಗಿ ಮದುವೆ ಗೊತ್ತಾದ ಕೂಡಲೇ ಡಾಕ್ಟರಿಗೆ ತಿಳಿಸಿ, ಮಾತ್ರೆ ಬದಲಿಸುವುದಿದ್ದರೆ ಅವರು ಬದಲಿಸಲಿ. ನೀವಾಗಿ ನಿಲ್ಲಿಸಬೇಡಿ.

ಮಾಲೆ ಹಾಕುವ ಮುಂಚೆ

ಕಾಫಿ ಹಣ್ಣಿನ ಕೆಲಸ ಶುರುವಾಗುವ ಹೊತ್ತಿಗೇ ಅಯ್ಯಪ್ಪ ಮಾಲೆಯ ಕಾಲವೂ ಬರುತ್ತದೆ. ವರ್ಷವಿಡೀ ಬೆಳಗ್ಗೆ ಎದ್ದಾಗಿಂದ ಕುಡಿಯುವವರು ಮಾಲೆ ಹಾಕಿದ ದಿನವೇ ಪೂರ್ತಿ ನಿಲ್ಲಿಸುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಅಷ್ಟು ದಿನ ಹೆಂಡಕ್ಕೆ ಒಗ್ಗಿದ ಮೆದುಳು ಒಮ್ಮೆಲೇ ಅದು ಇಲ್ಲದೆ ಕೆರಳುತ್ತದೆ. ಮೊದಲ ದಿನ ಕೈ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಮಧ್ಯೆ ಕೆಲವರಿಗೆ ದಿಕ್ಕು ತಪ್ಪುತ್ತದೆ. ಗೋಡೆ ಮೇಲೆ ಹುಳ ಕಾಣುತ್ತದೆ, ಇಲ್ಲದವರ ಜೊತೆ ಮಾತಾಡುತ್ತಾರೆ, ಜ್ವರ ಏರುತ್ತದೆ. ಇದಕ್ಕೆ ಚಿಕಿತ್ಸೆ ಆಗದಿದ್ದರೆ ಜೀವ ಹೋಗಬಹುದು. ದೇವರು ಮೈಮೇಲೆ ಬಂದಿದೆ ಅಂತ ಆರತಿ ಎತ್ತಿಕೊಂಡು ಕೂರುವ ಹೊತ್ತಲ್ಲ ಅದು.

ಮಾಲೆ ಹಾಕಲೇಬೇಕು ಅಂತಿದ್ದರೆ ಒಂದೆರಡು ವಾರ ಮುಂಚೆಯೇ ಆಸ್ಪತ್ರೆಗೆ ಹೋಗಿ ದಿನಾ ಎಷ್ಟು ಕುಡಿಯುತ್ತೀರಿ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ನಡುಕ, ಫಿಟ್ಸ್ ತಡೆಯುವ ಮಾತ್ರೆಯನ್ನು ಕೆಲವು ದಿನ ಕೊಡುತ್ತಾರೆ. ಥಯಮಿನ್ ಅನ್ನುವ ವಿಟಮಿನ್ ಕೊಡುತ್ತಾರೆ. ಅದು ಕಡಿಮೆಯಾದರೆ ಮರೆವು, ನಡಿಗೆ ತೂರಾಡುವುದು ಉಳಿದುಬಿಡಬಹುದು. ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಆ ವಿಷಯ ಮೊದಲು ಹೇಳಿ. ಅಂಥವರನ್ನು ಅಡ್ಮಿಟ್ ಮಾಡಿಕೊಂಡೇ ಬಿಡಿಸುವುದು ಒಳ್ಳೆಯದು. ಸೊಪ್ಪಿನ ರಸ, ಊಟದಲ್ಲಿ ಕದ್ದು ಬೆರೆಸುವ ಪುಡಿ ಯಾವುದೂ ಬೇಡ.

ಮೈಕೈ ನೋವು ಅಂತ ಬರುವ ಖಿನ್ನತೆ

"ನನಗೆ ಖಿನ್ನತೆ ಇದೆ" ಅಂತ ಹೇಳಿಕೊಂಡು ಬಂದವರನ್ನು ನಾನು ಕಂಡಿಲ್ಲ. ಮೈಕೈ ನೋವು, ತಲೆ ಉರಿ, ಎದೆ ಭಾರ, ಸುಸ್ತು ಅನ್ನುತ್ತಾರೆ. ಗ್ಲೂಕೋಸ್ ಹಾಕಿಸಿಕೊಂಡರೆ ಒಂದು ದಿನ ಸರಿ ಅನಿಸುತ್ತದೆ, ಮತ್ತೆ ಅದೇ. ಇಂಥವರನ್ನು ನಾನು ಕೇಳುವುದು ಕೆಲವೇ ಮಾತು. ನಿದ್ದೆ ಹೇಗಿದೆ, ಬೆಳಗಿನ ಜಾವವೇ ಎಚ್ಚರ ಆಗುತ್ತಾ? ಊಟ ರುಚಿಸುತ್ತಾ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಈಗಲೂ ಇಷ್ಟ ಆಗುತ್ತಾ? ತಪ್ಪೆಲ್ಲ ನನ್ನದೇ ಅನಿಸುತ್ತಾ? ಎರಡು ವಾರಕ್ಕಿಂತ ಹೆಚ್ಚು ದಿನ, ಹೆಚ್ಚು ಕಡಿಮೆ ದಿನಾ ಹೀಗಿದ್ದು ಮನೆಕೆಲಸವೂ ಕಷ್ಟವಾದರೆ ಡಾಕ್ಟರಿಗೆ ತೋರಿಸಲೇಬೇಕು. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಯಲ್ಲೂ ಹೀಗೆ ಆಗಬಹುದು. ಅದನ್ನೂ ಪರೀಕ್ಷೆ ಮಾಡಿಸಿ.

ಹೆರಿಗೆ ಆದವರನ್ನು ವಿಶೇಷವಾಗಿ ನೋಡಿ. ಮೊದಲ ವಾರದಲ್ಲಿ ಸ್ವಲ್ಪ ಅಳು, ಬೇಸರ ಬಹಳ ಜನಕ್ಕೆ ಬರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ಮಗು ಮಲಗಿದರೂ ತಾಯಿಗೆ ನಿದ್ದೆ ಬರದಿದ್ದರೆ, ಮಗುವನ್ನು ಕಂಡರೆ ಏನೂ ಅನಿಸುವುದಿಲ್ಲ ಅಂದರೆ ಕಾಯಬೇಡಿ. ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅಂದರೆ ಅಥವಾ ವಿಚಿತ್ರವಾಗಿ ಮಾತಾಡಿದರೆ ಆ ದಿನವೇ ಆಸ್ಪತ್ರೆ. ಬಾಣಂತಿ ಸನ್ನಿ ಅಂತ ಕೋಣೆ ಬಾಗಿಲು ಹಾಕಿ ಕೂರಿಸಬೇಡಿ. ಅವಳನ್ನು ಮಗುವಿನ ಜೊತೆ ಒಂಟಿಯಾಗಿಯೂ ಬಿಡಬೇಡಿ.

ಖಿನ್ನತೆಯ ಮಾತ್ರೆ ಪ್ಯಾರಾಸಿಟಮಾಲ್ ತರ ಅರ್ಧ ಗಂಟೆಗೆ ಕೆಲಸ ಮಾಡುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು ಇರಬಹುದು. ಜನ ಬಿಟ್ಟುಬಿಡುವುದು ಆಗಲೇ. ಗುಣವಾದ ಮೇಲೂ ಆರೇಳು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ.

ಸಾಯುವ ಮಾತಾಡಿದರೆ ತಮಾಷೆ ಅಂತ ಬಿಡಬೇಡಿ. "ಜೀವ ಬೇಡ ಅನಿಸುತ್ತಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳುವವರು ಇದ್ದಾರೆ ಅಂತ ಎಷ್ಟೋ ಜನಕ್ಕೆ ಎದೆ ಹಗುರ ಆಗುತ್ತದೆ. ಹೌದು ಅಂದರೆ ಅವರನ್ನು ಒಂಟಿ ಬಿಡಬೇಡಿ. ತೋಟದ ಕಳೆನಾಶಕ, ಕೀಟನಾಶಕ ಎಲ್ಲವನ್ನೂ ಆ ದಿನವೇ ಮನೆಯಿಂದ ಸಾಗಿಸಿ, ಬೀಗ ಹಾಕಿ, ಬೀಗದ ಕೈ ಬೇರೆಯವರ ಹತ್ತಿರ ಇರಲಿ. ಆ ಕೆಟ್ಟ ಗಳಿಗೆ ಎಷ್ಟೋ ಸಲ ಸ್ವಲ್ಪ ಹೊತ್ತಿನದ್ದು. ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆಗೆ ತಡ ಮಾಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡುವ ಹಾಗಿಲ್ಲ.

ಇದ್ದಕ್ಕಿದ್ದಂತೆ ಎದೆ ಡವಡವ, ಉಸಿರು ಕಟ್ಟಿದಂತೆ, ಸತ್ತೇ ಹೋಗುತ್ತೇನೆ ಅನ್ನುವ ಭಯ ಬಂದು ಹತ್ತಿಪ್ಪತ್ತು ನಿಮಿಷದಲ್ಲಿ ಇಳಿಯುವುದು ಪ್ಯಾನಿಕ್ ಇರಬಹುದು. ಮೊದಲ ಸಲವಾದರೆ ಇಸಿಜಿ ಮಾಡಿಸಿ ಹೃದಯದ್ದಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಇಲ್ಲದ ದನಿ, ಇಲ್ಲದ ಸಂಶಯ

ಹದಿನಾರು, ಹದಿನೇಳರಿಂದ ಮೂವತ್ತರ ಒಳಗಿನ ವಯಸ್ಸಿನಲ್ಲಿ, ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಬರುವ ಕಾಯಿಲೆ ಹೆಚ್ಚಾಗಿ ಶುರುವಾಗುತ್ತದೆ. ಹುಡುಗ ಕಾಲೇಜು ಬಿಡುತ್ತಾನೆ, ಕೋಣೆ ಸೇರುತ್ತಾನೆ, ಸ್ನಾನ ಬಿಡುತ್ತಾನೆ. ಯಾರೋ ಕಿವಿಯಲ್ಲಿ ಬೈಯುತ್ತಾರೆ ಅನ್ನುತ್ತಾನೆ. ಅವನಿಗೆ ಆ ದನಿ ನಿಜವಾಗಿ ಕೇಳಿಸುತ್ತದೆ. "ಯಾರೂ ಇಲ್ಲ, ಸುಮ್ನಿರು" ಅಂತ ವಾದ ಮಾಡಿದರೆ ನಿಮ್ಮನ್ನೂ ಶತ್ರುಗಳ ಪಟ್ಟಿಗೆ ಸೇರಿಸುತ್ತಾನೆ. "ಹೂಂ, ಯಾರೋ ಇದ್ದಾರೆ" ಅಂತ ತಲೆಯಾಡಿಸುವುದೂ ಬೇಡ. "ನನಗೆ ಕೇಳಿಸ್ತಿಲ್ಲ ಕಣಪ್ಪ, ಆದ್ರೆ ನಿಂಗೆ ಭಯ ಆಗ್ತಿದೆ ಅಲ್ವಾ? ನಿದ್ದೆಗಾದ್ರೂ ಒಂದು ಮಾತ್ರೆ ತಗೊಳ್ಳೋಣ ಬಾ" ಅಂದರೆ ಎಷ್ಟೋ ಸಲ ಬರುತ್ತಾರೆ.

ದೇವಸ್ಥಾನಕ್ಕೆ ಹೋಗಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹರಕೆ ಹೊತ್ತುಕೊಳ್ಳಿ, ದಾರ ಕಟ್ಟಿಸಿ, ಮಾತ್ರೆಯನ್ನೂ ಕೊಡಿ. ಹೊಡೆಯುವುದು, ಹೊಗೆ ಹಾಕುವುದು, ಕಟ್ಟಿಹಾಕುವುದು ಮಾತ್ರ ಬೇಡವೇ ಬೇಡ. ಮಾನಸಿಕ ರೋಗಿಗೆ ಸರಪಳಿ ಹಾಕುವುದನ್ನು ಇದೇ 2017ರ ಕಾಯ್ದೆ ನಿಷೇಧಿಸಿದೆ. ಬೇಗ ಚಿಕಿತ್ಸೆ ಶುರುವಾದಷ್ಟೂ ಚೇತರಿಕೆ ಚೆನ್ನಾಗಿರುತ್ತದೆ. ಮಾತ್ರೆಯಿಂದ ಕೈ ನಡುಕ, ಬಿಗಿತ, ತೂಕ ಏರುವುದು ಆಗಬಹುದು. ಹಾಗಾದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಗಳಿವೆ. ಇನ್ನು ಕೆಲವರಿಗೆ ಉಲ್ಟಾ ಇರುತ್ತದೆ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೂ ಸುಸ್ತಿಲ್ಲ, ಮಾತು ನಿಲ್ಲದು, ಸಾಲ ಮಾಡಿ ದಾನ ಮಾಡುತ್ತಾರೆ. ಅದೂ ಕಾಯಿಲೆಯೇ, ಅದಕ್ಕೂ ಔಷಧಿ ಇದೆ.

ವಯಸ್ಸಾದವರು

ಮರೆವು ನಿಧಾನಕ್ಕೆ ವರ್ಷಗಳಲ್ಲಿ ಬಂದರೆ ಒಂದು ಲೆಕ್ಕ, ಎರಡು ದಿನದಲ್ಲಿ ಬಂದರೆ ಬೇರೆ ಲೆಕ್ಕ. ನಿನ್ನೆವರೆಗೆ ಚೆನ್ನಾಗಿದ್ದ ಅಜ್ಜಿ ಇವತ್ತು ಮನೆಯವರನ್ನೇ ಗುರುತಿಸದಿದ್ದರೆ ಮೂತ್ರದ ಸೋಂಕು, ಸೋಡಿಯಂ ಇಳಿದಿರುವುದು, ಬಿದ್ದು ತಲೆಯೊಳಗೆ ರಕ್ತ ಸೋರಿರುವುದು, ಏನು ಬೇಕಾದರೂ ಇರಬಹುದು. ಆ ದಿನವೇ ತೋರಿಸಿ. ನಿಧಾನಕ್ಕೆ ಬಂದದ್ದಾದರೂ ವಯಸ್ಸಾಯಿತು ಅಂತ ಬಿಡದೆ ಬಿ12, ಥೈರಾಯ್ಡ್ ನೋಡಿಸಿ. ಅವು ಸರಿಪಡಿಸಬಹುದಾದ ಕಾರಣಗಳು. ಕೈ ಸುಮ್ಮನೆ ಮಡಿಲಲ್ಲಿದ್ದಾಗ ನಡುಗಿ, ಲೋಟ ಹಿಡಿದಾಗ ಕಡಿಮೆಯಾದರೆ, ನಡಿಗೆ ನಿಧಾನ ಆಗಿ ಹೆಜ್ಜೆ ಚಿಕ್ಕದಾದರೆ ಪಾರ್ಕಿನ್ಸನ್ ಇರಬಹುದು.

ಲಕ್ವ ಹೊಡೆದರೆ ಗಡಿಯಾರ ನೋಡಿ. ಬಾಯಿ ಒಂದು ಕಡೆ ಎಳೆದಿದೆಯಾ, ಎರಡೂ ಕೈ ಎತ್ತಿದರೆ ಒಂದು ಬೀಳುತ್ತಾ, ಮಾತು ತೊದಲುತ್ತಾ? ಒಂದಿದ್ದರೂ ಹೊರಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಕ್ಕೆ ಅದನ್ನು ಕರಗಿಸುವ ಇಂಜೆಕ್ಷನ್ನನ್ನು, ಲಕ್ವ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಮತ್ತು ಈ ಇಂಜೆಕ್ಷನ್ ಎರಡೂ ಎಲ್ಲಿದೆ ಅಂತ 108ನವರನ್ನು ಕೇಳಿ ಅಲ್ಲಿಗೇ ಹೋಗಿ. ಮೂಡಿಗೆರೆಯಿಂದ ಚಿಕ್ಕಮಗಳೂರಿಗೇ ಸುಮಾರು 30 ಕಿಲೋಮೀಟರ್. ಮಳೆಗಾಲದಲ್ಲಿ ಮಂಗಳೂರು ಕಡೆ ಇಳಿಯುವ ಚಾರ್ಮಾಡಿ ಘಾಟಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ನಾಟಿ ಔಷಧಿಯವರ ಮನೆ ಕಡೆ ಗಾಡಿ ತಿರುಗಿಸಿದರೆ ಆ ಸಮಯ ಮುಗಿದೇ ಹೋಗುತ್ತದೆ. ಎಚ್ಚರ ಇದ್ದರೂ ಬಾಯಿಗೆ ನೀರು, ಮಾತ್ರೆ ಹಾಕಬೇಡಿ. ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನು ಮರೆಯದೆ ಹೇಳಿ.

ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆಯವರಿಗೆ ಒಂದು ಮಾತು. ಡಿಸೆಂಬರಿನಿಂದ ಮೇವರೆಗೆ, ಕಾಡಿನ ಉಣ್ಣೆ ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ. ಜ್ವರ ಇಳಿದು ಒಂದೆರಡು ವಾರದ ಮೇಲೆ ಮತ್ತೆ ಜ್ವರ, ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ನಡುಕ, ಗೊಂದಲ ಬಂದರೆ ಅದು ಮೆದುಳಿಗೆ ತಾಗಿರಬಹುದು. ತಿಂಗಳ ಹಿಂದೆ ಕಾಡಿಗೆ ಹೋಗಿದ್ದರೂ ಡಾಕ್ಟರಿಗೆ ಹೇಳಿ.

ಎಲ್ಲಿಗೆ ಹೋಗುವುದು

ಯಾರಿಗೂ ಹೇಳಲು ಮನಸ್ಸಾಗದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸೇವೆ ಇದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಲೈನ್ ಮನೆಗಳಲ್ಲಿ ಸಿಗ್ನಲ್ ಸಿಗುವುದು ಕಷ್ಟ, ಅಂಥವರು ಪೇಟೆಗೆ ಬಂದ ದಿನ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ಮನೋಚೈತನ್ಯ ಅನ್ನುವ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಎಲ್ಲ ತಾಲ್ಲೂಕಿಗೂ ಎಲ್ಲ ಮಂಗಳವಾರವೂ ಇರುವುದಿಲ್ಲ. ನಿಮ್ಮ ಊರಿನ ಆಶಾ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಕೇಳಿದರೆ ನಿಮ್ಮದು ಯಾವ ವಾರ ಅಂತ ಹೇಳುತ್ತಾರೆ.

ಹೋಗುವಾಗ ಆಧಾರ್, ಹಳೆಯ ಚೀಟಿ, ಮಾತ್ರೆ ಸ್ಟ್ರಿಪ್, ನೋಟ್‌ಬುಕ್ ಒಂದೇ ಕವರಿನಲ್ಲಿರಲಿ. ರೋಗಿಯ ಜೊತೆ ದಿನಾ ಇರುವವರೇ ಹೋಗಬೇಕು. ಹೆಂಡತಿ ನೋಡಿದ್ದನ್ನು ಊರಿನಿಂದ ಬಂದ ಭಾವಮೈದುನ ಹೇಳಲಾಗುವುದಿಲ್ಲ. ರೋಗಿಯ ಎದುರು ಹೇಳಲಾಗದ್ದು ಇದ್ದರೆ ಚೀಟಿಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ. ಹೊರಗೆ ಬರುವ ಮೊದಲು ಮೂರು ಕೇಳಿಕೊಳ್ಳಿ: ಈ ಮಾತ್ರೆ ಎಷ್ಟು ದಿನಕ್ಕೆ ಕೆಲಸ ಶುರು ಮಾಡುತ್ತದೆ, ಏನಾದರೆ ಕೂಡಲೇ ವಾಪಸ್ ಬರಬೇಕು, ಮುಂದಿನ ತಾರೀಖು ಯಾವುದು. ಕಾಯಿಲೆ ದೀರ್ಘಕಾಲದ್ದಾಗಿ ದುಡಿಯಲು ಆಗದ ಸ್ಥಿತಿ ಇದ್ದರೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದಾ ಅಂತಲೂ ಕೇಳಿ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧಗಳಲ್ಲಿ ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ಬುದ್ಧಿಮಾಂದ್ಯತೆ ಕೂಡ ಇವೆ. ಹೆಚ್ಚಿನ ಸವಲತ್ತಿಗೆ ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟಿನಲ್ಲಿ ಇರಬೇಕು.

ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ಮುಂದಿನದನ್ನು ತಂದಿಡಿ. ನಮ್ಮಲ್ಲಿ ಜುಲೈ ಮಳೆಗೆ ರಸ್ತೆ ಮೇಲೆ ಮರ ಬಿದ್ದು ಎರಡು ದಿನ ಬಸ್ಸಿಲ್ಲದೆ ಹೋಗುವುದು ಇದ್ದದ್ದೇ. ಫಿಟ್ಸ್ ಮಾತ್ರೆ ಇರುವ ಮನೆಯವರು ಮಳೆಗಾಲಕ್ಕೆ ಅಕ್ಕಿ, ಸೌದೆ ಕೂಡಿಡುವಾಗ ಇದನ್ನೂ ಸೇರಿಸಿಕೊಳ್ಳಿ. ಎರಡು ತಿಂಗಳಿಗೆ ಒಟ್ಟಿಗೆ ಕೊಡಿ ಅಂತ ಡಾಕ್ಟರನ್ನು ಮೇ ತಿಂಗಳಲ್ಲೇ ಕೇಳಿ.